ಸಂಡೂರಿನ ಸೂಜಿಗೆ ದೊರೆತ ಗುರುತು

ಬಣಕಲ್ ಸೀಮೆಯ ಕಾಫಿ ಬೆಳೆಗಾರರಿಗೆ ಭೌಗೋಳಿಕ ಗುರುತು ಹೊಸ ವಿಷಯವಲ್ಲ. ಚಿಕ್ಕಮಗಳೂರು ಅರೇಬಿಕಾ ಕಾಫಿಗೆ ಅದು 2019ರಲ್ಲಿ ಲಭಿಸಿತು. ಸಂಡೂರಿನ ಲಂಬಾಣಿ ಕಸೂತಿಗಾದರೋ 2010ರಲ್ಲಿಯೇ ದೊರೆತಿತ್ತು. ಅದರ ಹಿಂದಿರುವುದು 1980ರ ದಶಕದಲ್ಲಿ ಆರಂಭವಾದ ಸಂಡೂರು ಕುಶಲ ಕಲಾ ಕೇಂದ್ರವೆಂಬ ಸಂಘ. ತಾಂಡಾದ ಮಹಿಳೆಯರು ತಮ್ಮ ಉಡುಪಿನ ಮೇಲೆ ಕನ್ನಡಿ, ಕವಡೆ, ಬಣ್ಣದ ದಾರ ಹೊಲಿಯುತ್ತಿದ್ದುದು ಮಾರಾಟಕ್ಕಾಗಿ ಅಲ್ಲ. ಕೇಂದ್ರವು ಆ ಹೊಲಿಗೆಗೆ ಪೇಟೆ ತೋರಿಸಿತು.

ಪೇಟೆ ದೊರೆತ ಮಾತ್ರಕ್ಕೆ ಕೂಲಿ ದೊರೆಯುವುದೆಂದೇನೂ ಇಲ್ಲ. ಆಂಧ್ರದ ನರಸಾಪುರದ ಲೇಸು ವಿದೇಶಗಳಿಗೆ ರಫ್ತಾಗುತ್ತಿದ್ದರೂ, ಹೆಣೆಯುವವರನ್ನು ಕೇವಲ ಗೃಹಿಣಿಯರೆಂದೂ ಅವರ ದುಡಿಮೆಯನ್ನು ಬಿಡುವಿನ ಕೆಲಸವೆಂದೂ ಎಣಿಸಿದ್ದರಿಂದ ಕೂಲಿ ಅತ್ಯಲ್ಪವಾಗಿಯೇ ಉಳಿಯಿತೆಂದು ಮರಿಯಾ ಮೀಸ್ 1982ರ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ಆ ಲೇಸಿಗೂ 2024ರಲ್ಲಿ ಗುರುತು ಬಂದಿತು. ನಮ್ಮ ವೆಚ್ಚಪಟ್ಟಿಗಳಲ್ಲಿ ದಾರ, ಬಟ್ಟೆ, ಸಾಗಾಣಿಕೆ ಎಲ್ಲವೂ ಇರುತ್ತವೆ. ಮನೆಯಲ್ಲಿ ಕುಳಿತು ಹೊಲಿದ ಗಂಟೆಗಳು ಮಾತ್ರ ಇರುವುದಿಲ್ಲ. ಬೆಲೆ ನಿಗದಿಯಲ್ಲಿ ಮೊದಲು ನಮೂದಾಗಬೇಕಾದುದು ಅದೇ.

ಇನ್ನು ಕಾನೂನಿನ ಮಾತು. ನೋಂದಣಿಯ ಅವಧಿ 10 ವರ್ಷ, ನಂತರ ನವೀಕರಿಸಬೇಕು. ನೋಂದಣಿ ಸಂಘದ ಹೆಸರಿನಲ್ಲಿದ್ದರೂ, ಆ ಗುರುತನ್ನು ತನ್ನ ಸರಕಿಗೆ ಬಳಸಬಯಸುವ ಉತ್ಪಾದಕನು ಅಧಿಕೃತ ಬಳಕೆದಾರನಾಗಲು ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು. ಕಾಫಿ ಬೆಳೆಗಾರರಿಗೂ ಇದೇ ನಿಯಮ.