ಸಾಕುಮೊಲಗಳ ಕ್ರಿಮಿಬಾಧೆ ಮತ್ತು ಅದರ ನಿವಾರಣೋಪಾಯ

ಪಶುವೈದ್ಯವು ಕನ್ನಡಕ್ಕೆ ಹೊಸದಲ್ಲ. ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು ೧೨ನೆಯ ಶತಮಾನದಲ್ಲಿಯೇ ‘ಗೋವೈದ್ಯ’ವನ್ನು ರಚಿಸಿದನು. ಆದರೆ ಹಸು, ಕುದುರೆಗಳಿಗೆ ಸಂದ ಶಾಸ್ತ್ರಗೌರವವು ಮೊಲಕ್ಕೆ ಸಲ್ಲಲಿಲ್ಲ. ಚಂದ್ರನಿಗೆ ಶಶಾಂಕನೆಂಬ ಹೆಸರನ್ನಿತ್ತ ಈ ಸಾಧುಪ್ರಾಣಿಯು ಇಂದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಮನೆಯಂಗಳಗಳಲ್ಲಿಯೂ ಶಾಲೆಯ ಆವರಣಗಳಲ್ಲಿಯೂ ಮಕ್ಕಳ ಒಡನಾಡಿಯಾಗಿದೆ. ನಮ್ಮ ಹೊಲಗಳಲ್ಲಿ ಓಡುವ ಕಾಡುಮೊಲವು ಬೇರೆ ಜಾತಿಯದು. ಅದನ್ನು ಹಿಡಿದು ಸಾಕುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ಇಲ್ಲಿ ಹೇಳಹೊರಟಿರುವುದು ಯೂರೋಪ್ ಮೂಲದ ಸಾಕುಮೊಲದ ವಿಷಯ.

ಮರಿಮೊಲವು ಸಂಜೆ ಮಂಕಾಗಿ ಕುಳಿತು ಬೆಳಗಾಗುವಷ್ಟರಲ್ಲಿ ಸತ್ತುಬಿದ್ದಿರುವುದುಂಟು. ಆಗ “ಹುಳುವಿನ ಔಷಧ ಹಾಕಲಿಲ್ಲ” ಎಂದು ಪರಿತಪಿಸುವವರೇ ಹೆಚ್ಚು. ಆದರೆ ಈ ಮರಣಗಳಿಗೆ ಅನೇಕ ವೇಳೆ ಹುಳು ಕಾರಣವಲ್ಲ. ಕರುಳಿನ ಹುಳು, ಕಣ್ಣಿಗೆ ಕಾಣದ ಏಕಕೋಶಜೀವಿ, ಚರ್ಮ ಮತ್ತು ಕಿವಿಯ ನುಸಿ ಎಂದು ಬಾಧಕಗಳು ಮೂರು ಬಗೆ. ಒಂದರ ಔಷಧ ಇನ್ನೊಂದಕ್ಕೆ ಸಲ್ಲದು. ಈ ವಿವೇಕವೇ ಚಿಕಿತ್ಸೆಯ ಮೊದಲ ಮೆಟ್ಟಿಲು.

ಮೊಲದ ಕುರುಡುಗರುಳಿನಲ್ಲಿ ದಾರದೆಳೆಯಂತಹ ಸಣ್ಣ ಬಿಳಿಹುಳುಗಳು ವಾಸಿಸುವುದುಂಟು. ಇವುಗಳಿಂದ ದೊಡ್ಡ ಅಪಾಯವಿಲ್ಲ. ಇವು ಮನುಷ್ಯರಿಗೆ ಅಂಟುವುದೂ ಇಲ್ಲ. ನಿಜವಾದ ಮಾರಿಯು ಕಾಕ್ಸಿಡಿಯವೆಂಬ ಏಕಕೋಶಜೀವಿ. ತಾಯಿಯ ಹಾಲು ಬಿಡಿಸಿದ ಆಸುಪಾಸಿನ ಮರಿಗಳನ್ನು ಇದು ವಿಶೇಷವಾಗಿ ಹಿಡಿಯುತ್ತದೆ. ಭೇದಿ, ಹೊಟ್ಟೆಯುಬ್ಬರ, ಮೇವಿನಲ್ಲಿ ಅರುಚಿ ಇದರ ಲಕ್ಷಣಗಳು. ಇದರದೇ ಒಂದು ಪ್ರಭೇದವು ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಹಿಕ್ಕೆಯೊಡನೆ ಹೊರಬಿದ್ದ ಇದರ ಬೀಜಕೋಶಗಳು ಕೂಡಲೇ ರೋಗ ತರಲಾರವು. ತೇವವೂ ಬೆಚ್ಚನೆಯೂ ದೊರೆತು ಒಂದೆರಡು ದಿನ ಕಳೆದ ಮೇಲೆಯೇ ಪಕ್ವವಾಗುತ್ತವೆ. ಆದುದರಿಂದ ಪ್ರತಿದಿನವೂ ಹಿಕ್ಕೆಯನ್ನು ತೆಗೆದುಹಾಕುವವನು ಅರ್ಧ ವೈದ್ಯನೇ ಸರಿ. ಮೊಲವು ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡು ಗಾಬರಿಪಡಬೇಕಾಗಿಲ್ಲ. ಅದು ಅದರ ಜೀರ್ಣಧರ್ಮ.

ರೇಷ್ಮೆಯ ನಾಡಾದ ನಮ್ಮಲ್ಲಿ ಗಂಟುರೋಗವನ್ನು ಅರಿಯದ ರೈತರು ವಿರಳ. ಅದನ್ನು ತರುವ ಸೂಕ್ಷ್ಮಜೀವಿಯ ಬಳಗಕ್ಕೆ ಸೇರಿದ ಇನ್ನೊಂದು ಜೀವಿ ಮೊಲದ ಮೂತ್ರದ ಮೂಲಕ ಹರಡಿ, ಮೂತ್ರಪಿಂಡವನ್ನೂ ಮಿದುಳನ್ನೂ ಸೇರುತ್ತದೆ. ಕತ್ತು ಒಂದು ಕಡೆಗೆ ವಾಲುವುದು, ಹಿಂಗಾಲು ಸೋಲುವುದು ಇದರ ಚಿಹ್ನೆಗಳು. ಇದಕ್ಕೆ ಫೆನ್‌ಬೆಂಡಜೋಲ್ ಔಷಧವನ್ನು ಸಾಮಾನ್ಯವಾಗಿ ೨೮ ದಿನಗಳ ಕಾಲ ವೈದ್ಯರು ಕೊಡಿಸುತ್ತಾರೆ.

ಕಿವಿಯೊಳಗೆ ಕಂದುಬಣ್ಣದ ಹಕ್ಕಳೆ ಕಟ್ಟಿ ಮೊಲವು ತಲೆ ಕೊಡವುತ್ತಿದ್ದರೆ ಅದು ನುಸಿಯ ಕಜ್ಜಿ. ಹಕ್ಕಳೆಯನ್ನು ಕೀಳುವುದು ಕ್ರೌರ್ಯ. ಔಷಧದಿಂದ ಅದು ತಾನಾಗಿ ಉದುರುತ್ತದೆ. ನುಸಿಯ ಮೊಟ್ಟೆಗಳು ಮೊದಲ ಔಷಧಕ್ಕೆ ಸಾಯದಿರುವುದರಿಂದ, ವೈದ್ಯರು ಹೇಳಿದ ಅಂತರದಲ್ಲಿ ಪುನಃ ಕೊಡಿಸಬೇಕು. ಚರ್ಮದ ಕೆಲವು ನುಸಿಗಳು ಮುಟ್ಟಿದವರಿಗೂ ತುರಿಕೆ ತರುತ್ತವೆ. ಮಕ್ಕಳು ಮೊಲವನ್ನು ಎತ್ತಿಕೊಂಡ ಬಳಿಕ ಸಾಬೂನಿನಿಂದ ಕೈ ತೊಳೆಯಲೇಬೇಕು.

ಕ್ರಿಮಿಚಿಕಿತ್ಸೆಗೆ ಚರಕಸಂಹಿತೆಯು ಮೂರು ಉಪಾಯಗಳನ್ನು ಹೇಳಿದೆ: ಕ್ರಿಮಿಯನ್ನು ಹೊರತೆಗೆಯುವ ಅಪಕರ್ಷಣ, ಅದು ಬೆಳೆಯುವ ಪ್ರಕೃತಿಯನ್ನು ಕೆಡಿಸುವ ಪ್ರಕೃತಿವಿಘಾತ, ಕಾರಣವನ್ನೇ ದೂರವಿಡುವ ನಿದಾನವರ್ಜನ. ಮನುಷ್ಯನಿಗಾಗಿ ಹೇಳಿದ ಈ ಕ್ರಮವು ಮೊಲಕ್ಕೂ ಒಪ್ಪುತ್ತದೆ.

ಕೊನೆಯದರಿಂದಲೇ ಆರಂಭಿಸೋಣ. ಬೀದಿನಾಯಿಗಳು ತಿರುಗಾಡುವ ಬದುಗಳ ಹುಲ್ಲಿನಲ್ಲಿ ಲಾಡಿಹುಳುವಿನ ಮೊಟ್ಟೆಗಳಿರಬಹುದು. ಅವು ಮೊಲದ ಹೊಟ್ಟೆ ಸೇರಿ ನೀರುಗುಳ್ಳೆಗಳಾಗುತ್ತವೆ. ಅಂತಹ ಹುಲ್ಲನ್ನು ವರ್ಜಿಸಿ, ಕೀಟನಾಶಕ ಸಿಂಪಡಿಸದ ಹಿಪ್ಪುನೇರಳೆಯ ಸೊಪ್ಪನ್ನು ಗಿಡದಿಂದಲೇ ಕೊಯ್ದು ಕೊಡುವುದು ಲೇಸು. ಮನೆಯ ನಾಯಿಗೆ ಕಾಲಕಾಲಕ್ಕೆ ಹುಳುವಿನ ಔಷಧ ಕೊಡಿಸಬೇಕು. ಹೊಸ ಮೊಲವನ್ನು ಕೆಲವು ವಾರ ಪ್ರತ್ಯೇಕವಾಗಿರಿಸಬೇಕು. ಎರಡನೆಯದು ಗೂಡಿನ ಶುಷ್ಕತೆ. ನಮ್ಮ ಜಿಲ್ಲೆಯಲ್ಲಿ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಹೆಚ್ಚಾದುದರಿಂದ ಆಗ ವಿಶೇಷ ಎಚ್ಚರ ಅಗತ್ಯ. ನೆಲದಿಂದ ಎತ್ತರದಲ್ಲಿ, ಹಿಕ್ಕೆ ಕೆಳಗೆ ಬೀಳುವಂತೆ ಗೂಡನ್ನು ಕಟ್ಟಬೇಕು. ಮೊಲ ಕೂರಲು ಒಂದು ಮೂಲೆಯಲ್ಲಿ ಹಲಗೆಯಿರಲಿ. ಕಾಕ್ಸಿಡಿಯದ ಬೀಜಕೋಶಗಳು ಸಾಮಾನ್ಯ ಫಿನಾಯಿಲಿಗೆ ಜಗ್ಗುವುದಿಲ್ಲ. ಕುದಿನೀರು ಮತ್ತು ಬಿರುಬಿಸಿಲುಗಳೇ ಅವಕ್ಕೆ ಶತ್ರುಗಳು.

ಔಷಧಪ್ರಯೋಗವು ಉಳಿದ ಉಪಾಯ. ತಿಂಗಳೆಣಿಸಿ ಔಷಧ ಕುಡಿಸುವುದಕ್ಕಿಂತ, ಹಿಡಿ ಹಿಕ್ಕೆಯನ್ನು ತಾಲ್ಲೂಕಿನ ಪಶುವೈದ್ಯರಲ್ಲಿಗೆ ಒಯ್ದು ಪರೀಕ್ಷೆ ಮಾಡಿಸಿ, ಮೊಲವನ್ನು ತೂಗಿ, ಅವರು ಹೇಳಿದ ಪ್ರಮಾಣದಲ್ಲಿ ಕೊಡುವುದೇ ಶಾಸ್ತ್ರಸಮ್ಮತ. ಮೊಲವು ವಾಂತಿ ಮಾಡಲಾರದು, ಉಪವಾಸವನ್ನೂ ತಡೆಯಲಾರದು. ಆದಕಾರಣ ಔಷಧಕ್ಕೆ ಮುನ್ನ ಅದನ್ನು ಹಸಿವಿನಲ್ಲಿರಿಸಬಾರದು. ನಾಯಿಯ ಉಣ್ಣೆಗೆಂದು ತಂದ ಫಿಪ್ರೊನಿಲ್ ಔಷಧವನ್ನು ಮೊಲಕ್ಕೆ ಎಂದಿಗೂ ಸವರಕೂಡದು, ಅದು ಪ್ರಾಣಾಂತಿಕವಾಗಬಲ್ಲದು.

ಶಾಲೆಗಳಿಗೆ ಮೊಲದ ಜೋಡಿಯನ್ನು ಕೊಡುವ ದಾನಿಗಳಲ್ಲಿ ನನ್ನದೊಂದು ವಿನಂತಿ: ಜೊತೆಗೆ ಒಣಗೂಡನ್ನೂ ಕೊಡಿರಿ. ಅಧ್ಯಾಪಕ ಮಹನೀಯರು ಹಿಕ್ಕೆ ಬಳಿಯುವ ಸರದಿಯನ್ನು ಮಕ್ಕಳಿಗೆ ಹಂಚಲಿ. ಮೂಕಪ್ರಾಣಿಯು ತನ್ನ ನೋವನ್ನು ಹೇಳಲಾರದು; ಅದನ್ನು ನೋಡಿ ತಿಳಿಯುವ ಕಣ್ಣು ಮಕ್ಕಳಲ್ಲಿ ತೆರೆದರೆ, ಅದು ಪಾಠಪುಸ್ತಕವು ಕೊಡಲಾಗದ ವಿದ್ಯೆ.