ಒಂದೂವರೆ ಸುತ್ತು ಹಿಂದಕ್ಕೆ

ನಮ್ಮ ಉಮ್ಮತ್ತೂರಿನಿಂದ ಸರಕು ತುಂಬಿಕೊಂಡು ತಮಿಳುನಾಡು, ಕೇರಳದ ಕಡೆ ದೂರ ಹೊರಟ ಗಾಡಿಗೆ ಎತ್ತ ಹೋದರೂ ಒಂದು ಘಾಟಿ ತಪ್ಪುವುದಿಲ್ಲ. ಚಾಮರಾಜನಗರ, ಪುಣಜನೂರು, ಹಾಸನೂರು ದಾಟಿ ಸತ್ಯಮಂಗಲಕ್ಕೆ ಇಳಿದರೆ ದಿಂಬಂ, 27 ತಿರುವು. ತೆರಕಣಾಂಬಿ, ಗುಂಡ್ಲುಪೇಟೆ, ಬಂಡೀಪುರದ ಮೇಲೆ ಮಸಿನಗುಡಿಗೆ ಹೋಗಿ ಊಟಿ ಹತ್ತಿದರೆ ಕಲ್ಲಟ್ಟಿ, 36 ತಿರುವು. ಮುತ್ತಂಗ, ಬತ್ತೇರಿ, ಕಲ್ಪೆಟ್ಟ ಹಾದು ಕಲ್ಲಿಕೋಟೆಗೆ ಹೋಗುವವರಿಗೆ ತಾಮರಶ್ಶೇರಿ ಚುರಂ. ಅಲ್ಲಿರುವುದು 9 ತಿರುವು ಮಾತ್ರ. ಆದರೆ ಓಣಂ ಹತ್ತಿರವಾದಾಗ ನೇಂದ್ರ ಬಾಳೆಯ ಲೋಡು ಹೊತ್ತು, ಮುಂದಿನ ಲಾರಿಯ ಹಿಂದೆ ನಿಂತು ನಿಂತು ಆ 9 ತಿರುವು ಇಳಿಯುವುದು ದಿಂಬಂನ 27ಕ್ಕಿಂತ ಬ್ರೇಕಿಗೆ ಕಷ್ಟ ಅನ್ನುವುದು ನನ್ನ ಅನುಭವ.

ಜೊತೆಗೆ ಗೇಟಿನ ಲೆಕ್ಕ ಬೇರೆ. ಬಂಡೀಪುರದ ಎರಡೂ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸರಕು ಗಾಡಿಗಳ ಸಂಚಾರವಿಲ್ಲ. ದಿಂಬಂನಲ್ಲೂ 2022ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಿಂದ ರಾತ್ರಿ ಓಡಾಟಕ್ಕೆ ಕಡಿವಾಣ ಬಿತ್ತು. ಕಾಡಿಗೆ ಅದು ಒಳ್ಳೆಯದೇ, ನನಗೆ ತಕರಾರಿಲ್ಲ. ಆದರೆ ಬತ್ತೇರಿ ದಾರಿಯ ಮದ್ದೂರು ಚೆಕ್‌ಪೋಸ್ಟಿನಲ್ಲಿ 6 ಗಂಟೆಗೆ ಗೇಟು ತೆಗೆದದ್ದೇ ಸಾಲುಗಟ್ಟಿ ನಿಂತ ಪಿಕಪ್‌ಗಳೆಲ್ಲ ಒಟ್ಟಿಗೇ ನುಗ್ಗುತ್ತವೆ. ಆ ಅವಸರದಲ್ಲಿ ಬ್ರೇಕ್ ಪೆಡಲ್ ತಳಕ್ಕೆ ಹೋಗುತ್ತಿದೆಯಲ್ಲ ಅಂತ ಯೋಚಿಸಿ ಪ್ರಯೋಜನವಿಲ್ಲ. ಅದನ್ನು ಹಿಂದಿನ ಸಂಜೆಯೇ, ಮನೆ ಮುಂದೆ, ಬೆಳಕಿರುವಾಗಲೇ ನೋಡಬೇಕಿತ್ತು.

ನಾನು ಮೆಕ್ಯಾನಿಕ್ ಅಲ್ಲ. ಬಾಳೆ, ಅರಿಸಿನ ಬೆಳೆಯುವವನು. ಬೆಳೆದದ್ದನ್ನು ನನ್ನದೇ ಹಳೇ ಪಿಕಪ್‌ನಲ್ಲಿ ಸಾಗಿಸುವವನು. ಎಂಜಿನ್ ಬಿಚ್ಚುವ ಧೈರ್ಯ ನನಗಿಲ್ಲ, ಬೇಕಾಗಿಯೂ ಇಲ್ಲ. ಆದರೆ ಸವೆತಕ್ಕೆ ತಕ್ಕಂತೆ ಹೊಂದಿಸಬೇಕಾದ ಎರಡು ಜಾಗಗಳು, ಹಿಂದಿನ ಬ್ರೇಕು ಮತ್ತು ಕ್ಲಚ್ಚು, ಮನೆಯಲ್ಲೇ ಆಗುವಂಥವು. ಈ ಕೆಲಸಕ್ಕೆ ನಮ್ಮಲ್ಲಿ ‘ಟೈಟ್ ಮಾಡೋದು’ ಅನ್ನುತ್ತಾರೆ. ಟೈಟ್ ಮಾಡುವುದು ಅದರಲ್ಲಿ ಅರ್ಧ ಮಾತ್ರ. ಸಂತೇಮರಹಳ್ಳಿ ಕಡೆಯ ಒಬ್ಬ ಹಳೇ ಮೇಸ್ತ್ರಿ ನನ್ನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು, “ಅಷ್ಟ್ ಬಿಗೀಬ್ಯಾಡ ಕನಾ, ವಸಿ ಬುಡು” ಅಂದದ್ದೇ ನನಗಾದ ಪಾಠವೆಲ್ಲ.

ಮೊದಲು ಬ್ರೇಕು. ಹೆಚ್ಚಿನ ಪಿಕಪ್‌ಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಡ್ರಮ್ಮಿನೊಳಗೆ ಬಾಗಿದ ಎರಡು ಶೂ, ಅವುಗಳ ಮೈಮೇಲೆ ಲೈನರ್. ಪೆಡಲ್ ತುಳಿದಾಗ ಶೂಗಳು ಹೊರಕ್ಕೆ ಅಗಲಿ ಡ್ರಮ್ಮಿನ ಒಳಮೈಗೆ ಒತ್ತುತ್ತವೆ. ಲೈನರ್ ಸವೆದಷ್ಟೂ ಶೂಗೂ ಡ್ರಮ್ಮಿಗೂ ನಡುವಿನ ಸಂದು ಹೆಚ್ಚುತ್ತದೆ, ಪೆಡಲ್ ಕೆಳಕ್ಕಿಳಿಯುತ್ತದೆ, ಹ್ಯಾಂಡ್‌ಬ್ರೇಕ್ ಎಳೆದಾಗ ಕಟಕಟ ಸದ್ದು ಮೊದಲಿಗಿಂತ ಹೆಚ್ಚು ಸಲ ಕೇಳುತ್ತದೆ. ಖಾಲಿ ಗಾಡಿಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಲೋಡ್ ಬಿದ್ದಾಗ ಭಾರವೆಲ್ಲ ಕಮಾನು ಪಟ್ಟಿಗಳ ಮೇಲೆ, ಹಿಂದಿನ ಗಾಲಿಗಳ ಮೇಲೆ ಕೂರುತ್ತದೆ. ಕೊರತೆ ತಿಳಿಯುವುದು ಆಗಲೇ. ಹೊಸ ಗಾಡಿಗಳಲ್ಲಿ ಈ ಸಂದನ್ನು ತಾನೇ ಹೊಂದಿಸಿಕೊಳ್ಳುವ ಏರ್ಪಾಡು ಇರುತ್ತದೆ. ನನ್ನದರಲ್ಲಿ ಇಲ್ಲ, ಇರುವ ಗಾಡಿಗಳಲ್ಲೂ ದೂಳು ತುಕ್ಕು ಹಿಡಿದು ಅದು ಕೆಲಸ ನಿಲ್ಲಿಸುವುದುಂಟು.

ಹ್ಯಾಂಡ್‌ಬ್ರೇಕ್ ಹಾಕಿದರೆ ಹಿಂದಿನ ಶೂಗಳೇ ಡ್ರಮ್ಮನ್ನು ಕಚ್ಚಿಕೊಂಡಿರುತ್ತವೆ, ಆದ್ದರಿಂದ ಹೊಂದಿಸುವ ಮೊದಲು ಅದನ್ನು ಬಿಡಲೇಬೇಕು. ಹಿಂದಿನ ಗಾಲಿಯನ್ನು ಕೈಯಲ್ಲಿ ತಿರುಗಿಸಬೇಕಾದ್ದರಿಂದ ಗೇರೂ ನ್ಯೂಟ್ರಲ್‌ನಲ್ಲಿರಬೇಕು. ಅಂದರೆ ಆ ಹೊತ್ತಿಗೆ ಗಾಡಿಯನ್ನು ತಡೆದು ನಿಲ್ಲಿಸುವಂಥದ್ದು ಗಾಡಿಯೊಳಗೆ ಏನೂ ಉಳಿದಿರುವುದಿಲ್ಲ. ಸಮತಟ್ಟಾದ ಗಟ್ಟಿ ನೆಲ, ಮುಂದಿನ ಎರಡೂ ಗಾಲಿಗಳಿಗೆ ಹಿಂದೂ ಮುಂದೂ ಕಲ್ಲು, ಆಮೇಲೆ ಜಾಕಿ. ಜಾಕಿಯೊಂದನ್ನೇ ನಂಬಿ ಕೆಳಗೆ ತೂರಬೇಡಿ. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ, ಇಲ್ಲವಾದರೆ ದಪ್ಪ ಮರದ ದಿಮ್ಮಿ. ಸಿಮೆಂಟ್ ಇಟ್ಟಿಗೆ ಬೇಡವೇ ಬೇಡ. ಅದು ಬಿರುಕು ಬಿಡುವ ಮುನ್ನ ಸುಳಿವು ಕೊಡುವುದಿಲ್ಲ. ಎಷ್ಟು ಮನೆಗಳ ಮುಂದೆ ಅದನ್ನೇ ಇಟ್ಟು ಕೆಲಸ ಮಾಡುವುದನ್ನು ನೋಡುತ್ತೇನೋ, ಪ್ರತಿ ಸಲವೂ ಸಿಟ್ಟು ಬರುತ್ತದೆ.

ಡ್ರಮ್ಮಿನ ಹಿಂಬದಿಯ ತಗಡಿನಲ್ಲಿ ರಬ್ಬರ್ ಬಿರಡೆ ಹಾಕಿದ ಸಣ್ಣ ಕಿಂಡಿಯಿರುತ್ತದೆ. ಒಳಗೆ ಸುತ್ತಲೂ ಹಲ್ಲಿರುವ ಒಂದು ಬಿಲ್ಲೆ. ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಅದರ ಹಲ್ಲುಗಳನ್ನು ಒಂದೊಂದಾಗಿ ದೂಡುತ್ತ, ಇನ್ನೊಂದು ಕೈಯಲ್ಲಿ ಗಾಲಿಯನ್ನು ತಿರುಗಿಸುತ್ತಿರಬೇಕು. ಗಾಲಿ ಪೂರ್ತಿ ಕಚ್ಚಿ ನಿಲ್ಲುವವರೆಗೆ ಬಿಗಿಯುವುದು. ಆಗ ಯಾರನ್ನಾದರೂ ಕರೆದು ಬ್ರೇಕ್ ಪೆಡಲ್ ಒಂದೆರಡು ಸಲ ತುಳಿಸಿದರೆ ಓರೆಯಾಗಿದ್ದ ಶೂಗಳು ನೆಟ್ಟಗೆ ಕೂರುತ್ತವೆ. ಗಾಲಿ ಮತ್ತೆ ಸಡಿಲವಾದರೆ ಮತ್ತೆ ಬಿಗಿ. ಕೆಲಸದ ಮುಖ್ಯ ಭಾಗ ಬರುವುದು ಇದರ ಮೇಲೆ. ಬಿಲ್ಲೆಯನ್ನು ಹಿಂದಕ್ಕೆ ತಿರುಗಿಸುತ್ತ ಬರಬೇಕು, ಗಾಲಿ ಸಲೀಸಾಗಿ ಸುತ್ತುವವರೆಗೆ. ಸುತ್ತುವಾಗ ಸರ್ ಅಂತ ತೆಳುವಾಗಿ ಸವರುವ ಸದ್ದು ಬಂದರೆ ಬರಲಿ, ಗಾಲಿಯನ್ನು ತಡೆಯುವಂತಿರಬಾರದು. ಎಷ್ಟು ಹಲ್ಲು ಹಿಂದಕ್ಕೆ ಅನ್ನುವುದು ಗಾಡಿಯ ಪುಸ್ತಕದಲ್ಲಿರುತ್ತದೆ. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ ಬಿಟ್ಟಿರಬೇಕು, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಮಗ್ಗುಲಿಗೆ ಎಳೆಯುತ್ತದೆ.

ಸಂಬಳದ ಡ್ರೈವರ್‌ಗಳಿಗೆ ಪೆಡಲ್ ಮುಟ್ಟಿದ ಕೂಡಲೇ ಬ್ರೇಕ್ ಹಿಡಿಯಬೇಕು. ಅದಕ್ಕೇ ಹಿಂದಕ್ಕೆ ಬಿಡುವುದನ್ನು ಕೈಬಿಡುತ್ತಾರೆ. ಹಾಗೆ ಬಿಗಿದ ಗಾಡಿಯಲ್ಲಿ ಬ್ರೇಕ್ ಹಾಕದಿದ್ದರೂ ಶೂ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತದೆ. ಡೀಸೆಲ್ ಹೆಚ್ಚು ಕುಡಿಯುವುದು ಹಾಗಿರಲಿ, ಘಾಟಿ ಮುಟ್ಟುವ ಮೊದಲೇ ಲೈನರ್ ಕಾದಿರುತ್ತದೆ. ಹದ ಮೀರಿ ಕಾದ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಕಾದ ಡ್ರಮ್ಮೂ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಇದ್ದೂ ಇಲ್ಲದಂತಾಗುವುದು ಹೀಗೆ. ಬ್ರೇಕ್ ಆಯಿಲ್ ಹಳೆಯದಾಗಿ ನೀರಿನಂಶ ಹೀರಿಕೊಂಡಿದ್ದರೆ ಅದೂ ಕುದಿದು, ಪೆಡಲ್ ಮೆತ್ತಗೆ ಒಳಕ್ಕೆ ಹೋಗುತ್ತದೆ. ಯಾವ ಬಿಲ್ಲೆ ತಿರುಗಿಸಿದರೂ ಅದು ಸರಿಯಾಗುವುದಿಲ್ಲ, ಆಯಿಲ್ಲೇ ಬದಲಿಸಬೇಕು. ಇನ್ನು ಡ್ರಮ್ ಬಿಚ್ಚಿದಾಗ ಕಪ್ಪು ದೂಳನ್ನು ಬಾಯಿಂದ ಊದುವ ಚಾಳಿ ನಮ್ಮಲ್ಲಿ ಎಲ್ಲರಿಗೂ ಇದೆ. ಹಳೇ ಲೈನರ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಎಳೆ ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವುದಿಲ್ಲ. ಊದಬೇಡಿ, ನೀರಿನಿಂದ ನೆನೆಸಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ಕ್ಲಚ್ಚಿನ ವಿಷಯಕ್ಕೆ ಬಂದರೆ ಲೆಕ್ಕ ತಿರುಗುಮುರುಗು. ಮೆಕ್ಯಾನಿಕ್‌ಗಳೇ ಇಲ್ಲಿ ತಡವರಿಸುವುದನ್ನು ಕಂಡಿದ್ದೇನೆ. ಬ್ರೇಕಿನಲ್ಲಿ ಸವೆದಷ್ಟೂ ಸಂದು ಹೆಚ್ಚುತ್ತದೆ, ನಾವು ಬಿಗಿಯುತ್ತೇವೆ. ಕ್ಲಚ್ಚಿನಲ್ಲಿ ಪ್ಲೇಟು ಸವೆದಷ್ಟೂ ಸಂದು ಕಡಿಮೆಯಾಗುತ್ತದೆ. ತೆಳುವಾದ ಪ್ಲೇಟಿನ ಜೊತೆ ಅದನ್ನು ಒತ್ತುವ ಪ್ರೆಷರ್ ಪ್ಲೇಟ್ ಎಂಜಿನ್ ಕಡೆಗೆ ಸರಿಯುತ್ತದೆ. ಅದನ್ನು ಒತ್ತಿ ಹಿಡಿದ ಸ್ಪ್ರಿಂಗಿನ ಬೆರಳುಗಳು ಮಾತ್ರ ಎದುರು ದಿಕ್ಕಿಗೆ, ಪೆಡಲ್ ತುಳಿದಾಗ ಅವನ್ನು ಒತ್ತುವ ಬೇರಿಂಗ್ ಕಡೆಗೆ ಬರುತ್ತವೆ. ಪೆಡಲ್‌ನ ಮೇಲ್ತುದಿಯಲ್ಲಿ ಮೊದಲು ಇರುತ್ತಿದ್ದ, ಬೆರಳಲ್ಲಿ ಒತ್ತಿದರೂ ಹೋಗುವಂಥ ಹಗುರ ಆಟ ಮಾಯವಾಗುತ್ತದೆ. ಆಟ ಪೂರ್ತಿ ಹೋಯಿತೆಂದರೆ ನೀವು ಕಾಲಿಡದಿದ್ದರೂ ಕ್ಲಚ್ ಅರೆ ತುಳಿದಂತೆಯೇ. ಲೋಡ್ ಗಾಡಿ ಏರು ಹತ್ತುವಾಗ ಎಂಜಿನ್ ಕೂಗು ಏರುತ್ತದೆ, ಗಾಡಿ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಕ್ಲಚ್ ಜಾರುತ್ತಿದೆ ಅಂತ ಕೇಬಲನ್ನು ಬಿಗಿದರೆ ಇನ್ನಷ್ಟು ಜಾರುತ್ತದೆ. ಕೇಬಲ್ ಇರುವ ಸಣ್ಣ ಗಾಡಿಗಳಲ್ಲಿ ಆಗ ಸಡಿಲಿಸಬೇಕು. ಗೇರ್ ಹಾಕುವಾಗ ಕರಕರ ಸದ್ದು ಬಂದರೆ, ಅಂದರೆ ಕೇಬಲ್ ಹಿಗ್ಗಿ ಆಟ ಜಾಸ್ತಿಯಾಗಿದ್ದರೆ, ಬಿಗಿಯಬೇಕು. ದೊಡ್ಡ ಪಿಕಪ್‌ಗಳಲ್ಲಿ ಹೆಚ್ಚಿನವು ಆಯಿಲ್ ಒತ್ತಡದ ಕ್ಲಚ್ಚು. ಸವೆತವನ್ನು ಬಹುಪಾಲು ತಾವೇ ಸರಿದೂಗಿಸಿಕೊಳ್ಳುತ್ತವೆ. ಅಂಥದ್ದು ಜಾರತೊಡಗಿದರೆ ಮನೆಯಲ್ಲಿ ಹುಡುಕುವುದಕ್ಕೆ ಏನೂ ಇಲ್ಲ, ಪ್ಲೇಟು ಮುಗಿದಿದೆ ಅಂತಲೇ ಲೆಕ್ಕ.

ಬಿಗಿದು ಹಿಂದಕ್ಕೆ ಬಿಡುವ ಇದೇ ಲೆಕ್ಕ ನನಗೆ ಇನ್ನೊಂದು ಕಡೆಯೂ ಸಿಕ್ಕಿತು. ನನ್ನ ತಂಗಿಯ ಮಗ ಅಮೆರಿಕದ ಮಿಶಿಗನ್‌ನಲ್ಲಿದ್ದಾನೆ. ಕಂಪ್ಯೂಟರ್ ಕೆಲಸ, ಕೈಗೆ ಮಸಿ ಮಾಡಿಕೊಳ್ಳುವ ಹುಚ್ಚು. ಒಂದು ಹಳೇ ಫೋರ್ಡ್ ಪಿಕಪ್ ಕೊಂಡ. ಕ್ಲಚ್ ಪೆಡಲ್ಲೇ ಇಲ್ಲ, ಆಟೋಮ್ಯಾಟಿಕ್. ಒಂದನೇ ಗೇರಿನಿಂದ ಎರಡನೆಯದಕ್ಕೆ ಹೋಗುವಾಗ ಎಂಜಿನ್ ಸುಮ್ಮನೆ ಅರಚಿ, ಆಮೇಲೆ ಹಿಡಿಯುತ್ತಿತ್ತಂತೆ. ಒಂದು ದಿನ ವಿಡಿಯೊ ಕರೆ ಮಾಡಿ, ಗಾಡಿಯ ಕೆಳಗೆ ಮಲಗಿಕೊಂಡೇ ತೋರಿಸಿದ. ಗೇರ್‌ಬಾಕ್ಸಿನ ಎಡಮಗ್ಗುಲಲ್ಲಿ ಒಂದು ಬೋಲ್ಟು, ಅದಕ್ಕೊಂದು ನಟ್ಟು. ಒಳಗಿನ ಪಟ್ಟಿಯ ಬಿಗಿ ಹೊಂದಿಸುವುದು ಅದರಿಂದಲೇ.

ಆ ಗೇರ್‌ಬಾಕ್ಸಿನ ಹೆಸರು ಸಿ6. ಫೋರ್ಡ್ ಕಂಪನಿ 1966ರಿಂದ ಮೂವತ್ತು ವರ್ಷ ತಯಾರಿಸಿದ್ದು. ನಮ್ಮ ಗೇರ್‌ಬಾಕ್ಸಿನಲ್ಲಿ ಗೇರ್ ಬದಲಿಸುವುದು ಡ್ರೈವರ್‌ನ ಕೈ. ಸಿ6ರಲ್ಲಿ ಗೇರುಗಳೆಲ್ಲ ಸದಾ ಕೂಡಿಕೊಂಡೇ ಇರುತ್ತವೆ: ನಡುವೆ ಒಂದು, ಸುತ್ತ ತಿರುಗುವ ಪುಟ್ಟವು ಕೆಲವು, ಅವನ್ನೆಲ್ಲ ಬಳಸಿದ ಒಳಹಲ್ಲಿನ ಉಂಗುರ. ಯಾವುದನ್ನು ತಿರುಗಲು ಬಿಟ್ಟು ಯಾವುದನ್ನು ತಡೆದು ಹಿಡಿಯುತ್ತೀರಿ ಅನ್ನುವುದರ ಮೇಲೆ ಗಾಡಿಯ ವೇಗ, ಬಲ ಬದಲಾಗುತ್ತದೆ. ಆ ತಡೆದು ಹಿಡಿಯುವ ಕೆಲಸ ಪಟ್ಟಿಯದು. ಒಳಮೈಗೆ ಲೈನರ್ ಅಂಟಿಸಿದ ಉಕ್ಕಿನ ಪಟ್ಟಿ ಒಂದು ಡ್ರಮ್ಮನ್ನು ಸುತ್ತುವರಿದಿರುತ್ತದೆ. ತಿರುಗುವ ಬಾವಿ ರಾಟೆಯನ್ನು ಅಂಗೈಯಿಂದ ಬಳಸಿ ಹಿಡಿದು ನಿಲ್ಲಿಸಿದ ಹಾಗೆ ಅದನ್ನು ಹಿಡಿಯುತ್ತದೆ. ಪಟ್ಟಿಯನ್ನು ಬಿಗಿಯುವುದು ಆಯಿಲ್ ಒತ್ತಡದಿಂದ ಸರಿಯುವ ಪಿಸ್ಟನ್. ಲೈನರ್ ಸವೆದರೆ ಪಿಸ್ಟನ್ ಹೆಚ್ಚು ದೂರ ಸರಿಯಬೇಕು, ಹಿಡಿತ ತಡವಾಗುತ್ತದೆ. ಹುಡುಗನ ಗಾಡಿ ಅರಚುತ್ತಿದ್ದದ್ದು ಅದಕ್ಕೇ.

ಹೊಂದಿಸುವ ವಿಧಾನ ಅವನು ಹೇಳಿದಾಗ ನಗು ಬಂತು. ನಟ್ಟನ್ನು ಸಡಿಲಿಸಿ ತೆಗೆದು ಹೊಸದು ಹಾಕಬೇಕು, ಹಳೆಯದರಲ್ಲಿ ಆಯಿಲ್ ಜಿನುಗುತ್ತದೆ. ಬೋಲ್ಟನ್ನು ಬಿಗಿ ಅಳೆಯುವ ಟಾರ್ಕ್ ಪಾನದಲ್ಲಿ 10 ಅಡಿ-ಪೌಂಡಿಗೆ, ಅಂದರೆ ಸುಮಾರು 14 ನ್ಯೂಟನ್ ಮೀಟರಿಗೆ ಬಿಗಿದು, ಅಲ್ಲಿಂದ ಸರಿಯಾಗಿ ಒಂದೂವರೆ ಸುತ್ತು ಹಿಂದಕ್ಕೆ ಬಿಡಬೇಕು. ಬೋಲ್ಟು ಕದಲದಂತೆ ಹಿಡಿದುಕೊಂಡು ನಟ್ಟು ಬಿಗಿದರೆ ಮುಗಿಯಿತು. ಫೋರ್ಡಿನ ಇನ್ನೊಂದು ಹಳೇ ಮಾದರಿ ಸಿ4ರಲ್ಲಿ ಎರಡು ಪಟ್ಟಿ: ಒಂದಕ್ಕೆ ಒಂದೂಮುಕ್ಕಾಲು ಸುತ್ತು, ಇನ್ನೊಂದಕ್ಕೆ ಮೂರು. ಡಾಡ್ಜ್ ಟ್ರಕ್ಕುಗಳ ಟಾರ್ಕ್‌ಫ್ಲೈಟ್‌ನಲ್ಲಾದರೆ ಬಿಗಿಯುವುದು 72 ಇಂಚು-ಪೌಂಡಿಗೆ, ಹಿಂದಿನ ಪಟ್ಟಿಗೆ ಆಯಿಲ್ ತಟ್ಟೆಯನ್ನೇ ಇಳಿಸಬೇಕು. ಹಿಂದಕ್ಕೆ ಬಿಡದೆ ಹೋದರೆ ಬೇರೆ ಗೇರುಗಳಲ್ಲೂ ಪಟ್ಟಿ ಡ್ರಮ್ಮಿಗೆ ಉಜ್ಜಿ ಸುಟ್ಟುಹೋಗುತ್ತದೆ. ಮೇಸ್ತ್ರಿಯ ‘ವಸಿ ಬುಡು’ವನ್ನು ಆ ಕಂಪನಿಗಳು ಸುತ್ತಿನ ಲೆಕ್ಕದಲ್ಲಿ ಬರೆದಿಟ್ಟಿವೆ ಅಷ್ಟೆ.

ಇದು ಅಲ್ಲಿಯೂ ಹೊಸ ವಿದ್ಯೆಯಲ್ಲ. 1908ರಿಂದ 1927ರವರೆಗೆ ಒಂದೂವರೆ ಕೋಟಿ ಮಾರಾಟವಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲೂ ಮೂರು ಪಟ್ಟಿಗಳಿದ್ದವು, ನಿಧಾನದ ಗೇರಿಗೊಂದು, ರಿವರ್ಸಿಗೊಂದು, ಬ್ರೇಕಿಗೊಂದು. ಹತ್ತಿಯ ಲೈನಿಂಗು. ಕೊಂಡ ರೈತರು ಕಾಲ್ಕೆಳಗಿನ ಹಲಗೆ ಎತ್ತಿ ತಾವೇ ಬಿಗಿದುಕೊಳ್ಳುತ್ತಿದ್ದರು. ಪೆಟ್ರೋಲು ಟ್ಯಾಂಕಿನಿಂದ ತನ್ನ ಭಾರಕ್ಕೆ ತಾನೇ ಇಳಿದು ಬರಬೇಕಿದ್ದ ಕಾರು ಅದು. ಕಡಿದಾದ ಏರಿನಲ್ಲಿ ಎಂಜಿನ್ನಿಗೆ ಸಿಗುತ್ತಿರಲಿಲ್ಲ. ಹಾಗಾಗಿ ಜನ ರಿವರ್ಸ್ ಗೇರಿನಲ್ಲಿ, ಹಿಂದುಮುಂದಾಗಿ ಗುಡ್ಡ ಹತ್ತುತ್ತಿದ್ದರಂತೆ. ಕಲ್ಲಟ್ಟಿಯ 36 ತಿರುವನ್ನು ಹಾಗೆ ಹತ್ತುವುದನ್ನು ನೆನೆಸಿಕೊಂಡೆ.

ನಮ್ಮಲ್ಲಿ ಸರಕಿನ ಪಿಕಪ್‌ಗಳೆಲ್ಲ ಹೆಚ್ಚುಕಡಿಮೆ ಕೈಗೇರಿನವೇ. ಶೋಕಿಯ ದೊಡ್ಡ ಪಿಕಪ್‌ಗಳಲ್ಲಿ ಆಟೋಮ್ಯಾಟಿಕ್ ಬಂದಿದೆ. ಆದರೆ ಈಗಿನ ಆಟೋಮ್ಯಾಟಿಕ್‌ಗಳಲ್ಲಿ ಬಹುಪಾಲು ಪಟ್ಟಿಯ ಜಾಗದಲ್ಲಿ ಪದರ ಪದರವಾಗಿ ಜೋಡಿಸಿದ ಪ್ಲೇಟುಗಳು, ಅವನ್ನು ಆಳುವ ಕಂಪ್ಯೂಟರು. ಹೊರಗಿಂದ ತಿರುಗಿಸುವ ಬೋಲ್ಟು ಹುಡುಕಿದರೆ ಸಿಗದು. ಅಂಥ ಗಾಡಿ ಇಟ್ಟುಕೊಂಡವರು ಮನೆಯಲ್ಲಿ ಮಾಡಬಹುದಾದದ್ದು ಆಯಿಲ್ ನೋಡಿಕೊಳ್ಳುವುದು, ಅದಕ್ಕೂ ಕೆಲವದರಲ್ಲಿ ಅಳತೆಕಡ್ಡಿ ಇರುವುದಿಲ್ಲ. ಹುಡುಗನ ಗಾಡಿಯಲ್ಲಿ ಕಡ್ಡಿ ಇತ್ತು. ಕೆಂಪಗಿರಬೇಕಾದ ಆಯಿಲ್ ಕಂದು ತಿರುಗಿ ಸೀದ ವಾಸನೆ ಬರುತ್ತಿದೆ ಅಂದ. ಹಾಗಾದರೆ ಲೈನರ್ರೇ ಸುಟ್ಟಿದೆ, ಬೋಲ್ಟು ತಿರುಗಿಸಿ ಆಗುವುದೇನೂ ಇಲ್ಲ, ಬಿಚ್ಚಿಸು ಅಂದೆ. ನಮ್ಮ ಡ್ರಮ್ಮಿಗೂ ಇದೇ ಮಾತು. ಲೈನರ್ ಸವೆದು ರಿವೆಟ್ಟಿನ ತಲೆ ಡ್ರಮ್ಮನ್ನು ಗೀರುತ್ತಿದ್ದರೆ ಬಿಗಿಯುವ ಮಾತೇ ಬೇಡ, ಶೂ ಬದಲಿಸಿ.

ಬ್ರೇಕ್ ಹೊಂದಿಸಿದ ಗಾಡಿಗೆ ನೇರವಾಗಿ ಲೋಡ್ ಹಾಕಬಾರದು. ನಾನು ಖಾಲಿ ಗಾಡಿಯನ್ನು ಸಂತೇಮರಹಳ್ಳಿ ದಾರಿಯಲ್ಲಿ ಒಂದಷ್ಟು ದೂರ ಓಡಿಸಿ, ರಸ್ತೆ ಖಾಲಿಯಿದ್ದಲ್ಲಿ ಮೆಲ್ಲಗೆ ನಾಲ್ಕಾರು ಸಲ ಬ್ರೇಕ್ ಹಾಕಿ ನೋಡುತ್ತೇನೆ, ಎಳೆಯುತ್ತದೆಯೇ ಅಂತ. ಆಮೇಲೆ ನಿಲ್ಲಿಸಿ ಹಿಂದಿನ ಎರಡೂ ಡ್ರಮ್ಮಿನ ಹತ್ತಿರ ಕೈ ಹಿಡಿಯುತ್ತೇನೆ. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು. ಒಂದು ಬೆಚ್ಚಗಿದ್ದು ಇನ್ನೊಂದು ಸುಡುತ್ತಿದ್ದರೆ, ಸುಡುವುದು ಹೆಚ್ಚು ಬಿಗಿಯಾಗಿದೆ. ಮನೆಗೆ ಬಂದು ಮತ್ತೆ ಜಾಕಿ ಏರಿಸಿ ಒಂದೆರಡು ಹಲ್ಲು ಹಿಂದಕ್ಕೆ. ಎರಡೂ ಒಂದೇ ಸಮ ಇದ್ದರೆ ಕಿಂಡಿಯ ರಬ್ಬರ್ ಬಿರಡೆ ಹಾಕಿದ್ದೀರೋ ನೋಡಿಕೊಂಡು, ಬಾಳೆಗೊನೆ ತುಂಬಿಸಿ.