ಕುಮಾರ ಪರ್ವತ: ಗೆಳೆಯರ ಗುಂಪಿಗೆ ಒಂದು ಕಠಿಣ ಏರು

ದಕ್ಷಿಣ ಕನ್ನಡ ಮತ್ತು ಕೊಡಗಿನ ಗಡಿಯಲ್ಲಿರುವ ಕುಮಾರ ಪರ್ವತದ ಎತ್ತರ 1712 ಮೀಟರ್. ಕಡಬ ತಾಲ್ಲೂಕಿನ ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಡುವವರು ತುದಿ ಮುಟ್ಟಲು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರಬೇಕು. ಆದ್ದರಿಂದಲೇ ಇದು ರಾಜ್ಯದ ಕಠಿಣ ಚಾರಣಗಳಲ್ಲಿ ಒಂದು.

ಮೊದಲ ಹಂತ ದಟ್ಟ ಕಾಡಿನ ದಾರಿ. ಅದು ಮುಗಿದಾಗ ಗಿರಿಗದ್ದೆ ಸಿಗುತ್ತದೆ. ಇಲ್ಲಿನ ಭಟ್ಟರ ಮನೆ ಚಾರಣಿಗರಿಗೆ ಊಟ ಹಾಕುವುದಕ್ಕೆ ಹೆಸರುವಾಸಿ. ಮುಂದೆ ಅರಣ್ಯ ಇಲಾಖೆಯ ತನಿಖಾ ಠಾಣೆ. ಅಲ್ಲಿಂದಾಚೆ ನೆರಳಿಲ್ಲದ ಹುಲ್ಲುಗಾವಲು. ಕಲ್ಲುಮಂಟಪ, ಶೇಷಪರ್ವತ ದಾಟಿ, ಶೋಲಾ ಕಾಡು ಹೊಕ್ಕು, ಬಂಡೆಯೇರಿದರೆ ಶಿಖರ.

ದಾರಿಯಲ್ಲಿ ನೀರು ಅಪರೂಪ. ಪ್ರತಿಯೊಬ್ಬರೂ ತಮ್ಮ ನೀರನ್ನು ತಾವೇ ಹೊರಬೇಕು. ಗುಂಪು ಚದುರದೆ, ನಿಧಾನವಾಗಿ ನಡೆಯುವವರ ವೇಗಕ್ಕೆ ಹೊಂದಿಕೊಳ್ಳುವುದು ಕ್ಷೇಮ. ಮಳೆಗಾಲದಲ್ಲಿ ಜಿಗಣೆ ಮತ್ತು ಜಾರುವ ಬಂಡೆಗಳ ಕಾಟವಿರುತ್ತದೆ. ಚಾರಣಕ್ಕೆ ಅಕ್ಟೋಬರ್‌ನಿಂದ ಜನವರಿವರೆಗಿನ ಕಾಲ ಒಳ್ಳೆಯದು. ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ.

ಈ ಬೆಟ್ಟ ಪುಷ್ಪಗಿರಿ ವನ್ಯಜೀವಿಧಾಮದ ಭಾಗ. ಇಲ್ಲಿ ಹುಟ್ಟುವ ಕುಮಾರಧಾರಾ ನದಿ ಪುತ್ತೂರು ತಾಲ್ಲೂಕಿನ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಬೆಟ್ಟದಲ್ಲಿ ಬಿಸಾಡಿದ ಪ್ಲಾಸ್ಟಿಕ್ ಕೆಳಗಿನ ಊರುಗಳ ನೀರನ್ನೂ ಕೆಡಿಸುತ್ತದೆ. ಹೊತ್ತೊಯ್ದ ಕಸವನ್ನೆಲ್ಲ ಮರಳಿ ತರುವುದು ಪ್ರತಿ ಚಾರಣಿಗನ ಕರ್ತವ್ಯ.